ಮೂವರೂ ‘ನಂಬರ್ ಒನ್’ ಎನ್ನುತ್ತಾರೆ: ಸುದ್ದಿ ವಾಹಿನಿಗಳ ಟಿಆರ್‌ಪಿಯನ್ನು ಜಿಲ್ಲೆಯ ಮಟ್ಟಿಗೆ ನಂಬುವುದು ಹೇಗೆ?

ಇಳಕಲ್ ಅಂಗಡಿಕಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಇಳಕಲ್ಲಿನಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ಮದುವೆಯ ಹಂಗಾಮು ಹತ್ತಿರವಾಗುತ್ತಿರುವುದರಿಂದ ಈ ಸಲ ಟಿವಿಯ ಸುದ್ದಿ ವಾಹಿನಿಯೊಂದರಲ್ಲಿ ಜಾಹೀರಾತು ಕೊಡೋಣವೆಂದು ಮನೆಯಲ್ಲಿ ಮಾತಾಗಿದೆ. ಅದಕ್ಕೆಂದು ತೆಗೆದಿಟ್ಟಿರುವುದು ಒಂದು ಲಕ್ಷ ರೂಪಾಯಿ. ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ.

ವಿಷಯ ಹರಡಿದ ಮೇಲೆ ಮೂರು ಕಡೆಯವರು ಅಂಗಡಿಗೆ ಬಂದು ಹೋದರು. ಇಬ್ಬರು ರಾಜ್ಯಮಟ್ಟದ ಕನ್ನಡ ಸುದ್ದಿ ವಾಹಿನಿಗಳ ಪರವಾಗಿ ಬಂದವರು, ಒಬ್ಬರು ಜಿಲ್ಲೆಯ ಕೇಬಲ್ ವಾಹಿನಿಯವರು. ಮೂವರೂ ತಮ್ಮದೇ ನಂಬರ್ ಒನ್ ಎಂದರು. ಮೊದಲಿನವರು ತೋರಿಸಿದ ಬಣ್ಣದ ಪಟ್ಟಿಯ ಕೆಳಗೆ, ಕನ್ನಡಕ ಹಾಕಿಕೊಂಡರೂ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ, 15 ವರ್ಷ ಮೇಲ್ಪಟ್ಟವರು, ಕರ್ನಾಟಕ, ಸಂಜೆ 6ರಿಂದ 9 ಎಂದು ಬರೆದಿತ್ತು. ಎರಡನೆಯವರ ಪಟ್ಟಿಯಲ್ಲಿ ಗಂಡಸರು, 22 ವರ್ಷ ಮೇಲ್ಪಟ್ಟವರು, ನಗರ ಪ್ರದೇಶ ಎಂದಿತ್ತು. ಸೀರೆ ಅಂಗಡಿಗೆ ಬರುವವರಲ್ಲಿ ಗಂಡಸರು ಎಷ್ಟು ಮಂದಿ ಎಂದು ನಾನು ಅವರನ್ನು ಕೇಳಲಿಲ್ಲ. ಕೇಬಲ್ ವಾಹಿನಿಯವರ ಬಳಿ ಪಟ್ಟಿಯೇ ಇರಲಿಲ್ಲ. ‘ಜಿಲ್ಲೆಯಲ್ಲಿ ನಮ್ಮನ್ನು ನೋಡದ ಮನೆಯೇ ಇಲ್ಲ’ ಎಂಬ ಬಾಯಿಮಾತು ಮತ್ತು ಯೂಟ್ಯೂಬಿನ ವೀಕ್ಷಣೆಯ ಸಂಖ್ಯೆ, ಇಷ್ಟೇ ಅವರ ಆಧಾರ.

ಯಾವ ವಾಹಿನಿಯನ್ನು ಎಷ್ಟು ಮಂದಿ ನೋಡುತ್ತಾರೆಂಬ ಈ ಟಿಆರ್‌ಪಿಯನ್ನು ಬಾಗಲಕೋಟೆ ಜಿಲ್ಲೆಯಲ್ಲಿ ಯಾರಾದರೂ ನಿಜವಾಗಿ ಅಳೆಯುತ್ತಾರೆಯೇ? ಅಳೆದರೂ ಜಿಲ್ಲೆಗೆಂದು ಬೇರೆ ಅಂಕಿ ಸಿಗುತ್ತದೆಯೇ? ಸಿಗದಿದ್ದರೆ ಇವರ ಮಾತನ್ನು ನಾನು ಯಾವ ತಕ್ಕಡಿಯಲ್ಲಿ ತೂಗಬೇಕು? ನಮ್ಮ ಗಿರಾಕಿಗಳಲ್ಲಿ ಹುನಗುಂದದವರಷ್ಟೇ ಕುಷ್ಟಗಿ, ಲಿಂಗಸೂಗೂರು ಕಡೆಯವರೂ ಇದ್ದಾರೆ ಎಂಬುದನ್ನು ಗಮನಿಸಿ, ತಿಳಿದವರು ದಯವಿಟ್ಟು ಉತ್ತರಿಸಬೇಕು.

ಕೇಬಲ್ ಹಳಬ, ವಿಜಯಪುರ

ಸಾಹುಕಾರರೇ, ಈ ಅಳತೆಯ ವ್ಯವಸ್ಥೆ ಹೇಗಿದೆ ಎಂಬುದನ್ನು ಮೊದಲು ಹೇಳುತ್ತೇನೆ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅದರಲ್ಲಿಯೇ ಸಿಗುತ್ತದೆ.

ದೇಶದಲ್ಲಿ ಟಿವಿ ವೀಕ್ಷಣೆಯನ್ನು ಅಳೆಯುವ ಸಂಸ್ಥೆಯ ಹೆಸರು ಬಾರ್ಕ್. ವಾಹಿನಿಗಳ ಒಡೆಯರು, ಜಾಹೀರಾತು ಕೊಡುವ ಕಂಪನಿಗಳು ಮತ್ತು ಜಾಹೀರಾತು ಏಜೆನ್ಸಿಗಳು ಸೇರಿ ಕಟ್ಟಿಕೊಂಡ ಈ ಸಂಸ್ಥೆ 2015ರಿಂದ ಅಂಕಿಗಳನ್ನು ಕೊಡುತ್ತಿದೆ. ಅದಕ್ಕೂ ಮೊದಲು ಆ ಕೆಲಸವನ್ನು ಟ್ಯಾಮ್ ಎಂಬ ಕಂಪನಿ ಮಾಡುತ್ತಿತ್ತು. ಬಾರ್ಕ್ ಆಯ್ದ ಮನೆಗಳ ಟಿವಿಗೆ ಒಂದು ಮೀಟರ್ ಜೋಡಿಸುತ್ತದೆ. ವಾಹಿನಿಯವರು ತಮ್ಮ ಧ್ವನಿಯೊಳಗೆ ಕಿವಿಗೆ ಕೇಳಿಸದ ಗುರುತೊಂದನ್ನು ಸೇರಿಸಿ ಪ್ರಸಾರ ಮಾಡುತ್ತಾರೆ. ಮೀಟರ್ ಆ ಗುರುತನ್ನು ಹಿಡಿದು ಈಗ ಯಾವ ವಾಹಿನಿ ಓಡುತ್ತಿದೆ ಎಂದು ದಾಖಲಿಸುತ್ತದೆ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಗುಂಡಿ ಇರುವ ರಿಮೋಟ್ ಕೊಟ್ಟಿರುತ್ತಾರೆ. ಟಿವಿಯ ಮುಂದೆ ಕುಳಿತಾಗ ತಮ್ಮ ಗುಂಡಿ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಮಗಳು ಕುಳಿತಿದ್ದಾಗ ಅಪ್ಪನ ಗುಂಡಿ ಒತ್ತಿದ್ದರೆ ಲೆಕ್ಕಕ್ಕೆ ಬರುವವನು ಅಪ್ಪನೇ.

ಗುರುತು ಸೇರಿಸದ ವಾಹಿನಿಯನ್ನು ಈ ಮೀಟರ್ ಹೆಸರಿಟ್ಟು ಗುರುತಿಸಲಾರದು. ನಮ್ಮ ಕಡೆಯ ಜಿಲ್ಲೆಗಳ ಕೇಬಲ್ ವಾಹಿನಿಗಳಲ್ಲಿ ಅಂಥ ಗುರುತು ಹಾಕಿಸಿದವರನ್ನು ನಾನು ಕಂಡಿಲ್ಲ. ಆದ್ದರಿಂದ ಸ್ಥಳೀಯ ವಾಹಿನಿಯವರು ತಮಗೆ ಇಷ್ಟು ಟಿಆರ್‌ಪಿ ಇದೆ ಎಂದರೆ ಅದಕ್ಕೆ ಬುಡವೇ ಇಲ್ಲವೆಂದು ತಿಳಿಯಿರಿ. ನಿಮ್ಮಲ್ಲಿಗೆ ಬಂದವರು ಬಾಯಿಮಾತಿಗೇ ನಿಂತದ್ದು ಒಂದು ರೀತಿಯಲ್ಲಿ ಪ್ರಾಮಾಣಿಕತೆಯೇ.

ಸ್ಥಳೀಯ ವಾಹಿನಿಗಳು ಮೂಲತಃ ಈ ಪೈಪೋಟಿಗೆಂದು ಹುಟ್ಟಿದವೂ ಅಲ್ಲ. ಸೆಟ್‌ಟಾಪ್ ಬಾಕ್ಸ್ ಬರುವ ಮೊದಲಿನ ಅನಲಾಗ್ ಕಾಲದಲ್ಲಿ ಕೇಬಲ್ ಆಪರೇಟರು ತಮ್ಮ ಕಂಟ್ರೋಲ್ ರೂಮಿನಿಂದಲೇ ಒಂದು ವಾಹಿನಿ ನಡೆಸುತ್ತಿದ್ದರು: ಹಗಲಿಗೆ ಸಿನಿಮಾ, ನಡುನಡುವೆ ಹುಟ್ಟುಹಬ್ಬದ ಶುಭಾಶಯ, ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯ ನೇರಪ್ರಸಾರ, ಸಂಜೆಗೆ ಅರ್ಧ ಗಂಟೆ ಊರ ಸುದ್ದಿ. ಕೇಬಲ್ ಡಿಜಿಟಲೀಕರಣದ ಮೂರನೆಯ ಹಂತ 2015ರ ಕೊನೆಗೂ ನಾಲ್ಕನೆಯ ಹಂತ 2017ರ ಮಾರ್ಚಿಗೂ ಮುಗಿಯಬೇಕೆಂದು ಗಡುವು ಬಿದ್ದ ಮೇಲೆ, ಆ ಕಂಟ್ರೋಲ್ ರೂಮುಗಳು ದೊಡ್ಡ ಎಂಎಸ್‌ಒಗಳ, ಅಂದರೆ ಹಲವು ಊರುಗಳ ಕೇಬಲ್ ಆಪರೇಟರುಗಳಿಗೆ ವಾಹಿನಿಗಳ ಸಂಕೇತ ಒದಗಿಸುವ ಸಂಸ್ಥೆಗಳ, ಕೈಸೇರಿದವು. ಊರಿನ ವಾಹಿನಿಗೆ ಯಾವ ನಂಬರು ಕೊಡಬೇಕು ಎಂಬುದೂ ಅವರ ಮಾತಾಯಿತು. 2022ರ ನವೆಂಬರಿನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಇಂಥ ವಾಹಿನಿಗಳಿಗೆ ನಿಯಮ ತಂದಿತು. ಅದರಂತೆ ಎಂಎಸ್‌ಒ ಪ್ರತಿ ವಾಹಿನಿಗೆ 1,000 ರೂಪಾಯಿ ಕಟ್ಟಿ ನೋಂದಾಯಿಸಬೇಕು, ಪರದೆಯ ಮೇಲೆ ‘ಪ್ಲಾಟ್‌ಫಾರ್ಮ್ ಸರ್ವಿಸಸ್’ ಎಂದು ಕಾಣಿಸಬೇಕು, ಸ್ಥಳೀಯ ಸುದ್ದಿ ಕೊಡುವುದಾದರೆ ಕಂಪನಿಯಾಗಿ ನೋಂದಾಯಿತವಾಗಿರಬೇಕು, ಪ್ರಸಾರವಾದದ್ದರ ಧ್ವನಿಮುದ್ರಿಕೆ-ದೃಶ್ಯಮುದ್ರಿಕೆಯನ್ನು 90 ದಿನ ಇಟ್ಟಿರಬೇಕು. ನಿಮ್ಮನ್ನು ಕಂಡ ವಾಹಿನಿಯವರಿಗೆ ಈ ನೋಂದಣಿ ಇದೆಯೇ ಎಂದು ಕೇಳುವುದು ಟಿಆರ್‌ಪಿ ಕೇಳುವುದಕ್ಕಿಂತ ಉಪಯುಕ್ತ.

ರಾಜ್ಯಮಟ್ಟದವರ ಪಟ್ಟಿಯ ಬಗೆಗೆ ಒಂದು ಒಳಗಿನ ಮಾತು. ಸೆಟ್‌ಟಾಪ್ ಬಾಕ್ಸ್ ಹಾಕಿದ ಕೂಡಲೇ ಯಾವುದೋ ಒಂದು ವಾಹಿನಿ ತಾನಾಗಿಯೇ ತೆರೆದುಕೊಳ್ಳುತ್ತದಲ್ಲ, ಅದನ್ನು ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ. ಆ ಜಾಗಕ್ಕೆ ವಾಹಿನಿಗಳು ಹಣ ಕೊಡುತ್ತವೆ. ಮನೆಯವರು ಧಾರಾವಾಹಿಗೆಂದು ಟಿವಿ ಹಾಕಿ ರಿಮೋಟ್ ಹುಡುಕುವಷ್ಟು ಹೊತ್ತು ಸುದ್ದಿ ಓಡಿದರೂ ಅಷ್ಟು ಜನರನ್ನು ತಲುಪಿದ ಹಾಗೆ ಕಾಣುತ್ತದೆ. ಇದನ್ನು ನಿಲ್ಲಿಸಲು ಪ್ರಸಾರ ವಲಯದ ನಿಯಂತ್ರಕ ಸಂಸ್ಥೆಯಾದ ಟ್ರಾಯ್ 2018ರ ಡಿಸೆಂಬರಿನಲ್ಲಿ ನಿರ್ದೇಶನ ಹೊರಡಿಸಿತ್ತು. 2019ರ ಮೇ ತಿಂಗಳಲ್ಲಿ ಈ ವಲಯದ ವ್ಯಾಜ್ಯಗಳನ್ನು ಕೇಳುವ ನ್ಯಾಯಮಂಡಳಿಯಾದ ಟಿಡಿಸ್ಯಾಟ್ ಅದನ್ನು ರದ್ದುಪಡಿಸಿತು. ಅಸಹಜ ಏರಿಕೆಯನ್ನು ಸೋಸಿ ತೆಗೆಯುವ ವಿಧಾನ ಬಾರ್ಕ್‌ನಲ್ಲಿದೆಯಾದರೂ ಹಣ ಕೊಡುವವರು ಕೊಡುತ್ತಲೇ ಇದ್ದಾರೆ ಎಂದ ಮೇಲೆ ಲಾಭ ಪೂರ್ತಿ ಹೋಗಿಲ್ಲವೆಂದೇ ನನ್ನ ಅಂದಾಜು.

ಲೆಕ್ಕದ ಮಾಸ್ತರ, ಬಾಗಲಕೋಟೆ

ಜಿಲ್ಲೆಗೆಂದು ಬೇರೆ ಅಂಕಿ ಸಿಗುತ್ತದೆಯೇ ಎಂಬ ಭಾಗಕ್ಕೆ ಮಾತ್ರ ನಾನು ಉತ್ತರಿಸುತ್ತೇನೆ, ಏಕೆಂದರೆ ವಾದವನ್ನೆಲ್ಲ ಬಿಟ್ಟು ಬರೀ ಲೆಕ್ಕದಿಂದ ತೀರ್ಮಾನವಾಗುವ ಭಾಗ ಅದೊಂದೇ.

ಬಾರ್ಕ್ ಕರ್ನಾಟಕವನ್ನು ಒಂದು ಮಾರುಕಟ್ಟೆಯೆಂದು ಎಣಿಸುತ್ತದೆ. ಸಾರ್ವಜನಿಕರಿಗೆ ವಾರಕ್ಕೊಮ್ಮೆ, ಗುರುವಾರ, ತನ್ನ ಜಾಲತಾಣದಲ್ಲಿ ಕೊಡುವುದು ಕನ್ನಡದ ಮೊದಲ ಕೆಲವು ವಾಹಿನಿಗಳ ಮತ್ತು ಕಾರ್ಯಕ್ರಮಗಳ ಪಟ್ಟಿಯನ್ನು ಮಾತ್ರ. ಆ ಪಟ್ಟಿಯನ್ನು ಧಾರಾವಾಹಿ, ಸಿನಿಮಾಗಳ ಮನರಂಜನಾ ವಾಹಿನಿಗಳೇ ತುಂಬಿಕೊಂಡಿರುತ್ತವೆ. ಉಳಿದ ವಿವರ ಚಂದಾ ಕೊಟ್ಟವರಿಗೆ. ಆದ್ದರಿಂದ ಅಂಗಡಿಕಾರರು ತಮಗೆ ತೋರಿಸಿದ ಪಟ್ಟಿಯನ್ನು ಸ್ವತಃ ತಾಳೆ ನೋಡಲು ದಾರಿಯಿಲ್ಲ.

ಇನ್ನು ಮನೆಗಳ ಸಂಖ್ಯೆ. 2014ರ ಜನವರಿಯ ಸರ್ಕಾರಿ ಮಾರ್ಗಸೂಚಿ, ರೇಟಿಂಗ್ ಸಂಸ್ಥೆ ಕನಿಷ್ಠ 20,000 ಮನೆಗಳಿಂದ ಆರಂಭಿಸಿ ವರ್ಷಕ್ಕೆ 10,000ದಂತೆ ಹೆಚ್ಚಿಸುತ್ತ 50,000ಕ್ಕೆ ಮುಟ್ಟಬೇಕೆಂದಿತು. ಈಗಿನ ಸಂಖ್ಯೆ ಅದಕ್ಕಿಂತ ತುಸು ಮೇಲಿದೆ. ಟಿವಿ ಇರುವ ಮನೆಗಳು ದೇಶದಲ್ಲಿ 21 ಕೋಟಿಯಷ್ಟಿವೆ ಎಂಬುದು ಬಾರ್ಕ್‌ನದೇ 2020ರ ಅಂದಾಜು. ಅಂದರೆ ಸುಮಾರು ನಾಲ್ಕು ಸಾವಿರ ಮನೆಗೆ ಒಂದು ಮೀಟರ್. ಇಡೀ ದೇಶಕ್ಕೆ, ದೊಡ್ಡ ರಾಜ್ಯಕ್ಕೆ ಇದು ಸಾಲದು ಎಂದು ವಾದಿಸುವವರನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ಆರಿಸಿದ ಮಾದರಿ ಸಣ್ಣದಿದ್ದರೂ ದೊಡ್ಡ ಸಮೂಹದ ಬಗ್ಗೆ ನಂಬುವಂಥ ಮಾತನ್ನು ಹೇಳಬಲ್ಲದು. ತೊಂದರೆ ಬರುವುದು ಅದನ್ನು ಹೋಳು ಹೋಳಾಗಿ ಕತ್ತರಿಸಿದಾಗ.

ವಾದಕ್ಕಾಗಿ ನಮ್ಮ ಜಿಲ್ಲೆಯಲ್ಲಿ 60 ಮೀಟರ್ ಮನೆಗಳಿವೆ ಎಂದಿಟ್ಟುಕೊಳ್ಳಿ. ಮನೆಗೆ ನಾಲ್ವರಂತೆ 240 ಜನ. ಒಂದು ಸುದ್ದಿ ವಾಹಿನಿಯನ್ನು ಯಾವುದೇ ನಿಮಿಷದಲ್ಲಿ ನೂರಕ್ಕೆ ಒಬ್ಬರು ನೋಡುತ್ತಾರೆ ಎಂದರೆ ಈ 240ರಲ್ಲಿ ಸಿಗುವವರು ಇಬ್ಬರು ಅಥವಾ ಮೂವರು. ಸೂತ್ರ ಹಾಕಿ ನೋಡಿದರೆ ಇಲ್ಲಿನ ಪ್ರಮಾಣಿತ ದೋಷವೇ (ಮಾದರಿ ಸಣ್ಣದಾದ್ದರಿಂದ ಅಂಕಿ ಸಾಮಾನ್ಯವಾಗಿ ಎಷ್ಟು ಅತ್ತಿತ್ತ ಆಗಬಹುದೆಂಬ ಅಳತೆ) ಶೇ 0.64, ಶೇ 1 ಎಂದು ಕಂಡದ್ದು ನಿಜದಲ್ಲಿ ಸೊನ್ನೆಯ ಹತ್ತಿರವೂ ಇರಬಹುದು, ಶೇ 2ನ್ನು ದಾಟಿಯೂ ಇರಬಹುದು. ಒಂದೇ ಮನೆಯವರು ಒಂದೇ ವಾಹಿನಿಯನ್ನು ಒಟ್ಟಿಗೆ ನೋಡುವುದರಿಂದ ನಿಜವಾದ ದೋಷ ಇನ್ನೂ ಹೆಚ್ಚು. ಒಂದು ಕುಟುಂಬ ಬನಶಂಕರಿ ಜಾತ್ರೆಗೆ ಹೋದರೆ ಜಿಲ್ಲೆಯ ನಂಬರ್ ಒನ್ ಬದಲಾಗಿಬಿಡುತ್ತದೆ. ಆದಕಾರಣ, ‘ಬಾಗಲಕೋಟೆಯಲ್ಲಿ ನಾವೇ ಮೊದಲು’ ಎಂದು ಮೀಟರಿನ ಹೆಸರಿನಲ್ಲಿ ಹೇಳುವವರ ಬಳಿ ಅಂಕಿ ಇದ್ದರೂ ಅದು ಹೇಳಿಕೆಯ ಭಾರವನ್ನು ಹೊರಲಾರದು.

ನಿಮಗೆ ತೋರಿಸಿದ ಎರಡು ಪಟ್ಟಿಗಳೂ ಸುಳ್ಳಾಗಿರಬೇಕಿಲ್ಲ. ವಯಸ್ಸು, ಗಂಡು-ಹೆಣ್ಣು, ನಗರ-ಗ್ರಾಮ, ಹೊತ್ತು, ಇವುಗಳನ್ನು ಅದಲುಬದಲು ಮಾಡುತ್ತ ಹೋದರೆ ಮೂರನೆಯ, ನಾಲ್ಕನೆಯ ಸ್ಥಾನದ ವಾಹಿನಿಗೂ ತಾನು ಗೆಲ್ಲುವ ಮೂಲೆಯೊಂದು ಸಿಕ್ಕೇ ಸಿಗುತ್ತದೆ. ಇದಲ್ಲದೆ ತಲುಪಿದ ಜನರ ಲೆಕ್ಕವೇ ಬೇರೆ, ನೋಡಿದ ಹೊತ್ತಿನ ಲೆಕ್ಕವೇ ಬೇರೆ. ಒಂದು ಗಂಟೆಯಲ್ಲಿ ನೂರು ಜನ ಒಂದೊಂದು ನಿಮಿಷ ನೋಡಿದರೂ, ಐದು ಜನ ಇಪ್ಪತ್ತಿಪ್ಪತ್ತು ನಿಮಿಷ ನೋಡಿದರೂ ನಿಮಿಷದ ಸರಾಸರಿ ವೀಕ್ಷಕರ ಸಂಖ್ಯೆ ಒಂದೇ. ತಲುಪಿದವರ ಲೆಕ್ಕದಲ್ಲಿ ಮಾತ್ರ ಮೊದಲನೆಯದು ಇಪ್ಪತ್ತು ಪಟ್ಟು ದೊಡ್ಡದು. ಯಾವುದು ಅನುಕೂಲವೋ ಅದನ್ನು ದಪ್ಪಕ್ಷರದಲ್ಲಿ ಹಾಕುತ್ತಾರೆ. ಕೇಬಲ್‌ನವರು ಹೇಳಿದ ಲ್ಯಾಂಡಿಂಗ್ ಪೇಜ್ ಲಾಭ ಕೊಡುವುದು ಹೆಚ್ಚಾಗಿ ಈ ತಲುಪಿದವರ ಲೆಕ್ಕದಲ್ಲಿಯೇ.

ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ. 2020ರ ಅಕ್ಟೋಬರಿನಲ್ಲಿ ಮುಂಬೈ ಪೊಲೀಸರು ಮೀಟರ್ ಮನೆಗಳಿಗೆ ಹಣ ಕೊಟ್ಟು ರೇಟಿಂಗ್ ತಿದ್ದಿದ ಆರೋಪ ಹೊರಿಸಿದ ಮೇಲೆ ಸುದ್ದಿ ವಾಹಿನಿಗಳ ವಾರದ ಅಂಕಿಯನ್ನೇ ನಿಲ್ಲಿಸಲಾಗಿತ್ತು. ಆ ಪ್ರಕರಣವನ್ನು ಹಿಂಪಡೆಯಲು 2024ರ ಮಾರ್ಚಿನಲ್ಲಿ ಮುಂಬೈ ನ್ಯಾಯಾಲಯ ಅನುಮತಿ ಕೊಟ್ಟಿತು, ಆ ಮಾತು ಬೇರೆ. ಅಂಕಿಗಳು ಮರಳಿದ್ದು 2022ರ ಮಾರ್ಚಿನಲ್ಲಿ, ನಾಲ್ಕು ವಾರಗಳ ಸರಾಸರಿಯ ರೂಪದಲ್ಲಿ. ನಾಲ್ಕು ವಾರ ಸೇರಿಸಿದ್ದರಿಂದ ಮಾದರಿ ನಾಲ್ಕು ಪಟ್ಟಾಯಿತೆಂದು ಭಾವಿಸಬೇಡಿರಿ. ಮನೆಗಳು ಬಹುತೇಕ ಅವೇ. ಹೋದ ವಾರ ಯಾವ ವಾಹಿನಿಗೆ ಒಗ್ಗಿದ್ದವೋ ಈ ವಾರವೂ ಅದನ್ನೇ ಹಾಕುತ್ತವೆ. ಸರಾಸರಿಯಿಂದ ಒಂದು ದಿನದ ಗದ್ದಲದ ಏರಿಳಿತ ತಗ್ಗುತ್ತದೆ, ಮಾದರಿಯ ಬಡತನ ತಗ್ಗುವುದಿಲ್ಲ.

ಬೆಳಗಾವಿ ವರದಿಗಾರ್ತಿ

ಮಾಸ್ತರರ ಲೆಕ್ಕ ಸರಿಯಾಗಿದೆ. ಜಾಹೀರಾತುದಾರರಿಗೆ ಜಿಲ್ಲೆಯ ಅಂಕಿ ಇಲ್ಲವೆಂಬುದು ಒಂದು ಸಂಗತಿಯಾದರೆ, ಅದೇ ಕಾರಣದಿಂದ ಜಿಲ್ಲೆಯ ಸುದ್ದಿ ಏನಾಗುತ್ತದೆ ಎಂಬುದು ಇನ್ನೊಂದು. ಅಂಗಡಿಕಾರರಿಗೂ ಇದು ಸಂಬಂಧಪಟ್ಟದ್ದೇ, ಏಕೆಂದರೆ ಅವರು ಹಣ ಕೊಡುವುದು ತಮ್ಮ ಗಿರಾಕಿಗಳು ಆ ವಾಹಿನಿಯ ಮುಂದೆ ಕೂರುತ್ತಾರೆಂಬ ನಂಬಿಕೆಯಿಂದ.

ಯಾವ ಸುದ್ದಿ ಹೋಗಬೇಕೆಂದು ಆರಿಸುವ ಬೆಂಗಳೂರಿನ ಡೆಸ್ಕಿಗೆ ನಮ್ಮ ಕಡೆಯ ಜಿಲ್ಲೆಗಳು ಬೇಕಾಗುವುದು ಯಾವಾಗ ಎಂಬುದಕ್ಕೆ ಉದಾಹರಣೆ ಕೊಡುತ್ತೇನೆ. 2023ರ ಜನವರಿ 2ರಂದು ವಿಜಯಪುರದ ಸಿದ್ಧೇಶ್ವರ ಸ್ವಾಮೀಜಿಯವರು ಲಿಂಗೈಕ್ಯರಾದಾಗ ಎಲ್ಲ ವಾಹಿನಿಗಳೂ ಜ್ಞಾನಯೋಗಾಶ್ರಮದ ಮುಂದಿದ್ದವು, ಇರಲೇಬೇಕಿತ್ತು. 2024ರ ಏಪ್ರಿಲಿನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆಬಾವಿಗೆ ಬಿದ್ದ ಎರಡು ವರ್ಷದ ಮಗುವನ್ನು ಸುಮಾರು ಇಪ್ಪತ್ತು ಗಂಟೆಗಳ ನಂತರ ಜೀವಂತವಾಗಿ ಹೊರತೆಗೆದರು. ಅಷ್ಟೂ ಹೊತ್ತು ನೇರಪ್ರಸಾರವಿತ್ತು, ನಾಡೆಲ್ಲ ಉಸಿರು ಬಿಗಿಹಿಡಿದು ನೋಡಿತು. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೇ ಉಕ್ಕಿದಾಗಲೂ ಹಾಗೆಯೇ. ಆದರೆ ನೀರು ಇಳಿದ ಮೇಲೆ, ಬಿದ್ದ ಮನೆಗೆ ಪರಿಹಾರದ ಎರಡನೆಯ ಕಂತು ಬಂದಿಲ್ಲವೆಂಬ ಸುದ್ದಿಯನ್ನು ಕಳಿಸಿದರೆ ‘ದೃಶ್ಯ ಏನಿದೆ?’ ಎಂಬ ಪ್ರಶ್ನೆ ಬರುತ್ತದೆ. ತೆರೆದ ಕೊಳವೆಬಾವಿಗಳನ್ನು ಮುಚ್ಚಿಸಿದರೇ ಇಲ್ಲವೇ ಎಂಬ ವರದಿಗೆ ಅದೂ ಬರುವುದಿಲ್ಲ.

ಇದನ್ನು ಡೆಸ್ಕಿನಲ್ಲಿ ಕೂತವರ ಕೆಟ್ಟತನ ಎಂದು ನಾನು ಹೇಳುವುದಿಲ್ಲ. ಅವರ ಮುಂದೆ ಗುರುವಾರ ಬರುವ ಹಾಳೆ ಇಡೀ ರಾಜ್ಯದ್ದು. ಮುಧೋಳದ ಕಬ್ಬಿನ ಬಾಕಿಯ ಬಗ್ಗೆ ಅರ್ಧ ಗಂಟೆ ಮಾಡಿದರೆ ಮುಧೋಳದಲ್ಲಿ ಟಿವಿ ಇರುವ ಪ್ರತಿಯೊಬ್ಬರೂ ನೋಡಬಹುದು. ಆದರೆ ಅಲ್ಲಿ ಮೀಟರ್ ಎಷ್ಟು ಮನೆಯಲ್ಲಿದ್ದೀತು? ಅದೇ ಹೊತ್ತಿನಲ್ಲಿ ಬೆಂಗಳೂರಿನ ನಟರೊಬ್ಬರ ಜಗಳವನ್ನು ತೋರಿಸಿದರೆ ಮಂಗಳೂರಿನಿಂದ ಬೀದರಿನವರೆಗೆ ಅಲ್ಲೊಬ್ಬರು ಇಲ್ಲೊಬ್ಬರು ನಿಂತು ನೋಡುತ್ತಾರೆ, ಹಾಳೆಯ ಮೇಲೆ ಗೆರೆ ಏರುತ್ತದೆ. ಎಲ್ಲರಿಗೂ ಸ್ವಲ್ಪ ಬೇಕಾದದ್ದು ಕೆಲವರಿಗೆ ತುಂಬ ಬೇಕಾದದ್ದನ್ನು ಸೋಲಿಸುವಂತೆ ಈ ಅಳತೆ ಏರ್ಪಟ್ಟಿದೆ. ಚಳಿಗಾಲದ ಅಧಿವೇಶನಕ್ಕೆ ಸುವರ್ಣ ವಿಧಾನಸೌಧದ ಮುಂದೆ ನೇರಪ್ರಸಾರದ ಓಬಿ ವ್ಯಾನುಗಳ ಸಾಲು ನಿಲ್ಲುತ್ತದೆ, ಹತ್ತು ದಿನ ಬೆಳಗಾವಿಯ ಹೆಸರು ಪರದೆಯ ಮೇಲಿರುತ್ತದೆ, ಅದರಡಿ ಬರುವ ಸುದ್ದಿ ಮಾತ್ರ ಬೆಂಗಳೂರಿನದೇ.

ರೇಟಿಂಗ್ ನಿಂತಿದ್ದ ಆ ಹದಿನೇಳು ತಿಂಗಳಲ್ಲಿ ಏನಾದರೂ ಬದಲಾಯಿತೇ ಎಂದು ಯಾರಾದರೂ ಕೇಳಬಹುದು. ನಾನು ಕಂಡ ಮಟ್ಟಿಗೆ ಬಹಳವೇನೂ ಬದಲಾಗಲಿಲ್ಲ. ಬಾರ್ಕ್ ಹಾಳೆಯ ಜಾಗಕ್ಕೆ ಯೂಟ್ಯೂಬ್ ಲೈವಿನಲ್ಲಿ ಆ ಕ್ಷಣ ಎಷ್ಟು ಮಂದಿ ಇದ್ದಾರೆಂಬ ಅಂಕಿ ಬಂದು ಕುಳಿತಿತು, ಅದು ವಾರಕ್ಕೊಮ್ಮೆಯಲ್ಲ, ಪ್ರತಿ ಕ್ಷಣವೂ ಕಣ್ಣೆದುರಿಗಿರುವಂಥದ್ದು.

ಸಾಹುಕಾರರಿಗೆ ಇನ್ನೊಂದು ತಿಳಿವಳಿಕೆ. ನಿಮ್ಮ ಅಂಗಡಿಗೆ ಬಂದವರು ವಾಹಿನಿಯ ಜಾಹೀರಾತು ವಿಭಾಗದವರೋ ಅಥವಾ ಸುದ್ದಿ ಕಳಿಸುವ ವರದಿಗಾರರೇ ಆ ಕೆಲಸವನ್ನೂ ಹೊತ್ತು ಬಂದವರೋ ವಿಚಾರಿಸಿ. ಸಂಬಳದ ಬದಲು ಸುದ್ದಿಗಿಷ್ಟೆಂದು ಪಡೆಯುವ ಸ್ಟ್ರಿಂಗರುಗಳಿಗೆ ಯುಗಾದಿ, ರಾಜ್ಯೋತ್ಸವ, ದೀಪಾವಳಿಗೆ ಜಾಹೀರಾತಿನ ಗುರಿ ಹಾಕುವ ವಾಹಿನಿಗಳಿವೆ. ಅಂಥವರು ತೋರಿಸುವ ಪಟ್ಟಿ ಮೇಲಿನವರು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ್ದು. ಅದರ ಅರ್ಥ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸುವುದರಲ್ಲಿ ಪುರುಷಾರ್ಥವಿಲ್ಲ.

ನಿಪ್ಪಾಣಿಯವ

ಅಕ್ಕನವರ ಮಾತಿಗೆ ಒಂದನ್ನು ಸೇರಿಸುತ್ತೇನೆ. ಗಡಿಯ ನಮ್ಮ ಕಡೆ ಅನೇಕ ಮನೆಗಳಲ್ಲಿ ಸಂಜೆಯ ಸುದ್ದಿಗೆ ಮರಾಠಿ ವಾಹಿನಿ, ಒಂಬತ್ತಕ್ಕೆ ಕನ್ನಡ ವಾಹಿನಿ ಎಂಬ ರೂಢಿ ಇದೆ. ಬಾರ್ಕ್ ಮಹಾರಾಷ್ಟ್ರ-ಗೋವೆಯನ್ನು ಬೇರೆ ಮಾರುಕಟ್ಟೆಯಾಗಿ ಎಣಿಸುವುದರಿಂದ, ನಿಪ್ಪಾಣಿಯಲ್ಲಿ ಕುಳಿತು ಮರಾಠಿ ಸುದ್ದಿ ನೋಡಿದವನು ಕರ್ನಾಟಕದ ಲೆಕ್ಕಕ್ಕೆ ಸೇರುತ್ತಾನೆ. ಮುಂಬೈನಲ್ಲಿ ಜಾಹೀರಾತು ಮಾರುವ ವಾಹಿನಿಗೆ ಅವನಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಹೀಗಿದ್ದೂ ಗಡಿ ತಂಟೆಯ ದಿನಗಳಲ್ಲಿ ಎರಡೂ ಭಾಷೆಯ ವಾಹಿನಿಗಳು ನಮ್ಮೂರಿನಲ್ಲಿ ನಿಂತು ಕೂಗುತ್ತವೆ. ಆ ಕೂಗು ನಮಗಾಗಿ ಅಲ್ಲ, ಪುಣೆಗೂ ಬೆಂಗಳೂರಿಗೂ ಕೇಳಿಸಲೆಂದು.

ಇಳಕಲ್ ಅಂಗಡಿಕಾರ

ಎಲ್ಲರಿಗೂ ಧನ್ಯವಾದಗಳು. ಮಾಸ್ತರರ ಲೆಕ್ಕವನ್ನು ಮಗನಿಂದ ಓದಿಸಿ ಅರ್ಥಮಾಡಿಕೊಂಡೆ. ರಾಜ್ಯಮಟ್ಟದ ವಾಹಿನಿಯಲ್ಲಿ ಹತ್ತು ಸೆಕೆಂಡಿಗೆ ಇಂತಿಷ್ಟೆಂದು ದರ; ನಮ್ಮ ಹಣದಲ್ಲಿ ಸಿಗುವ ಸೆಕೆಂಡುಗಳಿಗೆ ಮಂಡ್ಯದವರೂ ಕಾರವಾರದವರೂ ಪಾಲುದಾರರಾಗುತ್ತಾರೆ, ಅವರಾರೂ ಸೀರೆಗೆಂದು ಇಳಕಲ್ಲಿಗೆ ಬರುವವರಲ್ಲ. ಸ್ಥಳೀಯ ವಾಹಿನಿಯತ್ತಲೇ ಮನಸ್ಸು ಒಲಿದಿದೆ. ಅಳತೆಯೇ ಇಲ್ಲದ ಕಡೆ ಹಣ ಹಾಕುವಾಗ ಏನನ್ನು ಕೇಳಿ ಪಡೆಯಬೇಕು?

ಕೇಬಲ್ ಹಳಬ, ವಿಜಯಪುರ

ನಮ್ಮ ಬಾಕ್ಸುಗಳಲ್ಲಿ ಹೆಚ್ಚಿನವು ಸಂಕೇತವನ್ನು ಪಡೆಯುತ್ತವೆಯೇ ಹೊರತು ಮರಳಿ ಏನನ್ನೂ ಕಳಿಸುವುದಿಲ್ಲ; ಆದ್ದರಿಂದ ಯಾರು ಏನು ನೋಡಿದರು ಎಂಬುದು ಎಂಎಸ್‌ಒಗೂ ಗೊತ್ತಿರುವುದಿಲ್ಲ. ಚಾಲ್ತಿಯಲ್ಲಿರುವ ಬಾಕ್ಸುಗಳ ಸಂಖ್ಯೆ ಮಾತ್ರ ಅವರ ಗಣಕದಲ್ಲಿ ತಾಲ್ಲೂಕುವಾರು ಇರುತ್ತದೆ. ಅದನ್ನು ಬಾಯಿಮಾತಿನಲ್ಲಿ ಅಲ್ಲ, ಬರಹದಲ್ಲಿ ಕೇಳಿ. ಹಣ ಕಟ್ಟದೆ ನಿಂತುಹೋದ ಬಾಕ್ಸುಗಳನ್ನು ಕಳೆದು ಕೊಡಲು ಹೇಳಿ. ಕುಷ್ಟಗಿ, ಲಿಂಗಸೂಗೂರು ಬೇರೆ ಜಿಲ್ಲೆಗಳಲ್ಲಿರುವುದರಿಂದ ಅಲ್ಲಿ ಈ ವಾಹಿನಿ ಬರುತ್ತದೆಯೇ ಎಂದು ಅಲ್ಲಿಯ ಗಿರಾಕಿಯೊಬ್ಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಡಿಟಿಎಚ್ ಡಿಶ್ ಇರುವ ಮನೆಗಳಿಗೆ ಇದು ಬರುವುದೇ ಇಲ್ಲವೆಂಬುದೂ ನೆನಪಿರಲಿ, ಹಳ್ಳಿಗಳಲ್ಲಿ ಅಂಥ ಮನೆಗಳು ಬಹಳ.

ಇಡೀ ಲಕ್ಷವನ್ನು ಒಮ್ಮೆಲೇ ಕೊಡಬೇಡಿ. ಮೊದಲು ಹದಿನೈದು ದಿನಕ್ಕೆ ಮಾತಾಡಿ, ಜಾಹೀರಾತಿನಲ್ಲಿ ಬೇರೆಲ್ಲಿಯೂ ಕೊಡದ ಒಂದು ಮೊಬೈಲ್ ನಂಬರನ್ನು ಹಾಕಿಸಿ. ಆ ನಂಬರಿಗೆ ಬಂದ ಕರೆಗಳನ್ನು ಯಾವ ಊರಿನಿಂದ ಎಂದು ಕೇಳಿ ಬರೆದಿಟ್ಟುಕೊಂಡರೆ ಅದೇ ನಿಮ್ಮ ಟಿಆರ್‌ಪಿ. ಯೂಟ್ಯೂಬಿನ ಸಂಖ್ಯೆ ತೋರಿಸಿದರೆ ಒಟ್ಟು ವೀಕ್ಷಣೆಯನ್ನು ಬಿಟ್ಟು, ಸರಾಸರಿ ಎಷ್ಟು ಹೊತ್ತು ನೋಡಿದ್ದಾರೆಂಬ ಪುಟವನ್ನು ಅವರ ಮೊಬೈಲಿನಲ್ಲಿಯೇ ತೆರೆದು ತೋರಿಸಲು ಹೇಳಿ.

ಜಾಹೀರಾತು ಯಾವ ದಿನ, ಎಷ್ಟು ಗಂಟೆಗೆ ಪ್ರಸಾರವಾಯಿತು ಎಂಬ ಟೆಲಿಕಾಸ್ಟ್ ಸರ್ಟಿಫಿಕೇಟನ್ನು ಬಿಲ್ಲಿನ ಜೊತೆಗೇ ಪಡೆಯಿರಿ. ಅನುಮಾನ ಬಂದರೆ 90 ದಿನದೊಳಗೆ ಮುದ್ರಿಕೆ ಕೇಳಬಹುದು. ಸಂಜೆಯ ಸುದ್ದಿಯ ನಡುವೆ ಎಂದು ಮಾತಾಡಿ ಮಧ್ಯಾಹ್ನ ಮೂರಕ್ಕೆ ಓಡಿಸುವವರು ನಮ್ಮ ಕಸುಬಿನಲ್ಲಿ ಇಲ್ಲವೆಂದು ನಾನು ಪ್ರಮಾಣ ಮಾಡಲಾರೆ, ಹಾಗಾಗಿ ಹೊತ್ತನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಿ.